ಕಳಲೆ ನಂಜರಾಜ

ಮೈಸೂರು ಸಂಸ್ಥಾನದ ಸರ್ವಾಧಿಕಾರಿ. ಕನ್ನಡ, ಸಂಸ್ಕೃತ, ತೆಲುಗು ಗ್ರಂಥಕರ್ತ. ಕರಾಚೂರಿ ನಂಜರಾಜಯ್ಯನೆಂದೂ ಪ್ರಸಿದ್ಧ. ಈತನ ಮನೆತನದ ಕಳಲೆ ನಂಜನಗೂಡಿನ ಬಳಿಯ ಊರು. ಸಿಂಹಾಸನ ಒಡೆಯರದು, ದಂಡು ಕಳಲೆಯವರದು ಎಂಬಂತಿದ್ದ ಕಾಲವದು. ಅಣ್ಣ ದೇವರಾಜಯ್ಯ ದಳವಾಯಿ. ಇಮ್ಮಡಿ ಕೃಷ್ಣರಾಜ ಒಡೆಯರು (1734-66) ನಂಜರಾಜನ ಅಳಿಯ.

ಮುತ್ಸದ್ದಿಯಾಗಿ ಈತ ಸೋತವನೇ. ತಿರುಚಿರಾಪಳ್ಳಿ ಬಿಟ್ಟುಕೊಡುವೆನೆಂಬ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಾತು ನಂಬಿ ಅವನ ನೆರವಿಗೆ ಸೈನ್ಯ ಒಯ್ದ. ಮಾತು ತಪ್ಪಿದಾಗ ಫ್ರೆಂಚರೊಡನೆ ಸೇರಿ ಅದೇ ಕೋಟೆಗೆ ಮುತ್ತಿಗೆ ಹಾಕಿದ. 1755ರಲ್ಲಿ ಬರಿಗೈಯಲ್ಲಿ ಹಿಂದಿರುಗುವ ಹೊತ್ತಿಗೆ ಬೊಕ್ಕಸ ಬರಿದಾಗಿತ್ತು. ನಿಜಾಮ, ಪೇಶ್ವೆ ಇಬ್ಬರಿಗೂ ಕಪ್ಪ ತೆರಬೇಕಾಯಿತು. 1758ರಲ್ಲಿ ಸಂಬಳವಿಲ್ಲದ ಸೈನಿಕರು ದಂಗೆಯೆದ್ದರು. ಅವರನ್ನು ಸಮಾಧಾನಪಡಿಸಿದವನು ಹೈದರ್ ಅಲಿ. ದೇವನಹಳ್ಳಿ ಮುತ್ತಿಗೆಯಲ್ಲಿ (1749) ಅವನ ಕೆಚ್ಚನ್ನು ಕಂಡು ಮೇಲೆತ್ತಿದವನು ಇದೇ ನಂಜರಾಜ. 1759ರಲ್ಲಿ ಅಧಿಕಾರ ಬಿಟ್ಟ.

ಕನ್ನಡಿಗರು ಈತನನ್ನು ನೆನೆಯಬೇಕಾದುದು ಗದ್ಯಕ್ಕಾಗಿ. ಪದ್ಯವೇ ಕಾವ್ಯವೆಂದು ಮನ್ನಣೆ ಪಡೆದಿದ್ದ ಕಾಲದಲ್ಲಿ ಪುರಾಣಗಳನ್ನೂ ಸ್ಥಳಮಹಾತ್ಮ್ಯಗಳನ್ನೂ ಈತ ಗದ್ಯಕ್ಕೆ ಇಳಿಸಿದ. ಶಿವಗಂಗೆಯ ಮಹಿಮೆ ಹೇಳುವ ‘ಕಕುದ್ಗಿರಿ ಮಾಹಾತ್ಮ್ಯ’, ನಂಜನಗೂಡನ್ನು ಕುರಿತ ‘ಗರಳಪುರಿ ಮಹಿಮಾದರ್ಶ’, ‘ಸೇತುಮಹಿಮಾದರ್ಶ’, ‘ಹರದತ್ತಾಚಾರ್ಯ ಮಾಹಾತ್ಮ್ಯ’, ಶಿವಭಕ್ತರ ಕಥೆಗಳ ‘ಶಿವಭಕ್ತಿ ವಿಲಾಸ’ ಇವುಗಳಲ್ಲಿ ಮುಖ್ಯ. ಎಲ್ಲದರಲ್ಲೂ ಶೈವಭಕ್ತಿಯೇ ಉಸಿರು. ನಂಜನಗೂಡಿನ ಶ್ರೀಕಂಠೇಶ್ವರ ಈತನ ಆರಾಧ್ಯದೈವ. ಇಷ್ಟೊಂದು ರಾಜ್ಯಭಾರದ ನಡುವೆ ಇಷ್ಟೊಂದು ಬರೆದವನಿಗೆ ಪಂಡಿತರ ನೆರವು ಇದ್ದಿರಲೇಬೇಕು. ಹಾಗಿದ್ದರೂ ಕೃತಿಗಳ ಆಯ್ಕೆಯಲ್ಲಿ ಒಬ್ಬನದೇ ಒಲವು ಎದ್ದು ಕಾಣುತ್ತದೆ. ಸಂಸ್ಕೃತದ ‘ಸಂಗೀತ ಗಂಗಾಧರ’ ಜಯದೇವನ ‘ಗೀತಗೋವಿಂದ’ದ ಜಾಡಿನದು, ಕೃಷ್ಣನ ಜಾಗದಲ್ಲಿ ಶಿವ.

ಆಶ್ರಿತ ಕವಿಗಳಲ್ಲಿ ‘ಅಭಿನವ ಕಾಳಿದಾಸ’ ನರಸಿಂಹಕವಿ ಹೆಸರಾದವನು. ವಿದ್ಯಾನಾಥನ ‘ಪ್ರತಾಪರುದ್ರಯಶೋಭೂಷಣ’ದ ಮಾದರಿಯಲ್ಲಿ ಅವನು ರಚಿಸಿದ ‘ನಂಜರಾಜಯಶೋಭೂಷಣ’ ಅಲಂಕಾರಶಾಸ್ತ್ರ ಗ್ರಂಥ. ಲಕ್ಷ್ಯಶ್ಲೋಕಗಳೆಲ್ಲ ನಂಜರಾಜನ ಹೊಗಳಿಕೆಯೇ. ನಾಟಕದ ಲಕ್ಷಣ ತೋರಿಸಲು ‘ಚಂದ್ರಕಲಾ ಕಲ್ಯಾಣ’ವೆಂಬ ಇಡೀ ನಾಟಕವನ್ನೇ ಒಳಗೆ ಸೇರಿಸಿದ್ದಾನೆ, ಅದರ ನಾಯಕನೂ ನಂಜರಾಜನೇ. ತಿರುಚಿರಾಪಳ್ಳಿಯಲ್ಲಿ ಸಿಗದ ಜಯ ಗ್ರಂಥದಲ್ಲಿ ಧಾರಾಳವಾಗಿ ಸಿಕ್ಕಿದೆ. ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಇದು 1930ರಲ್ಲಿ ಅಚ್ಚಾಯಿತು.

ನಂಜರಾಜ ನಿವೃತ್ತನಾಗಿ ಕೋಣನೂರಿನಲ್ಲಿದ್ದಾಗ, ತನ್ನದೇ ದಿವಾನನಾಗಿದ್ದ ಖಂಡೇರಾಯನಿಂದ ಸೋತ ಹೈದರ್ ಅಲ್ಲಿಗೆ ಬಂದು ನೆರವು ಬೇಡಿದ. ನಂಜರಾಜ ಮನಸ್ಸು ಕರಗಿ ಒಪ್ಪಿದ. ಹೈದರ್ ಪ್ರಬಲನಾದ ಮೇಲೆ ಅದೇ ನಂಜರಾಜನನ್ನು ಸೆರೆಯಲ್ಲಿಟ್ಟ. 1773ರಲ್ಲಿ ನಂಜರಾಜ ಸೆರೆಯಲ್ಲೇ ತೀರಿಕೊಂಡ.