ಆಹಾರದ ಹೊದಿಕೆಯಲ್ಲಿ ಸಸ್ಯರಕ್ಷಕಗಳು: ಒಂದು ಐತಿಹಾಸಿಕ ಸಮೀಕ್ಷೆ

ಮಾನವನು ಆಹಾರವನ್ನು ಬೆಳೆದ ಬಗೆಯನ್ನು ಕುರಿತು ಚರಿತ್ರಕಾರರು ವಿಪುಲವಾಗಿ ಬರೆದಿದ್ದಾರೆ; ಬೆಳೆದುದನ್ನು ಕೆಡದಂತೆ ಕಾಪಾಡಿಕೊಂಡ ಬಗೆಗೆ ಅಷ್ಟು ಗಮನ ಸಂದಿಲ್ಲ. ಎಣ್ಣೆ, ಬೆಣ್ಣೆ, ಕೊಬ್ಬುಗಳು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಕಮಟು ಹಿಡಿಯುತ್ತವೆ. ಈ ಕ್ರಿಯೆಯನ್ನು ತಡೆಯುವ ದ್ರವ್ಯಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಗಿಡಮರಗಳಿಂದ ಪಡೆದ ಇಂತಹ ದ್ರವ್ಯಗಳನ್ನು ಆಹಾರದ ಹೊದಿಕೆಗಳಿಗೆ ಲೇಪಿಸುವ ಪ್ರಯತ್ನವು ಈಚೆಗೆ ಹೊಸದೆಂಬಂತೆ ಚರ್ಚಿತವಾಗುತ್ತಿದೆ. ಅದು ಹೊಸದಲ್ಲವೆಂಬುದನ್ನೂ, ಅದರ ಪೂರ್ವಚರಿತ್ರೆಯಲ್ಲಿ ಇಂದಿನವರು ಮರೆಯಬಾರದ ಒಂದು ಎಚ್ಚರಿಕೆಯಿದೆಯೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರಕ್ಕಿಂತ ರೂಢಿಯು ಹಳೆಯದು. ಕನ್ನಡನಾಡಿನ ಮನೆಗಳಲ್ಲಿ ಬೆಣ್ಣೆಯನ್ನು ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆಯ ಸೊಪ್ಪನ್ನೋ ಹಾಕುವ ವಾಡಿಕೆ ಸರ್ವವಿದಿತವಾಗಿದೆ. ಪರಿಮಳಕ್ಕಾಗಿ ಎಂದು ಹೇಳುವವರೇ ಹೆಚ್ಚು. ವೀಳ್ಯದೆಲೆ ಮತ್ತು ಕರಿಬೇವುಗಳು ತುಪ್ಪ ಕಮಟಾಗುವುದನ್ನು ತಡೆಯುತ್ತವೆಂದು ಭಾರತೀಯ ಸಂಶೋಧಕರು 1979ರಲ್ಲಿ ಪ್ರಕಟಿಸಿದರು. ಅನ್ಯದೇಶಗಳಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನಗಳುಂಟು. ಲೋಬಾನವನ್ನು ಬೆರೆಸಿದ ಹಂದಿಕೊಬ್ಬಿನ ಮುಲಾಮು ಬೇಗ ಕೆಡುವುದಿಲ್ಲವೆಂದು ಫ್ರಾನ್ಸಿನ ದೆಶಾಂ ಎಂಬಾತನು 1843ರಲ್ಲಿ ತಿಳಿಸಿದನು. ಅಮೆರಿಕದ ಒಹಾಯೊ ಕಣಿವೆಯ ಮೂಲನಿವಾಸಿಗಳು ಕರಡಿಯ ಕೊಬ್ಬನ್ನು ಎಲ್ಮ್ ಮರದ ತೊಗಟೆಯಿಂದ ಕಾಪಾಡುತ್ತಿದ್ದರೆಂದು ರೈಟ್ ಎಂಬಾತನು 1852ರಲ್ಲಿ ವರದಿಮಾಡಿದನು.

ಈ ಚೆದುರಿದ ಅನುಭವಗಳಿಗೆ ಶಾಸ್ತ್ರೀಯ ತಳಹದಿ ದೊರೆತುದು ಯುದ್ಧದ ದೆಸೆಯಿಂದ ಎಂಬುದು ಗಮನಾರ್ಹ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಬಳಸಿದ ಅಕ್ರೋಲೀನ್ ಎಂಬ ವಿಷದ್ರವ್ಯವು ಸಂಗ್ರಹದಲ್ಲಿಯೇ ಕೆಟ್ಟುಹೋಗುತ್ತಿತ್ತು. ಅದನ್ನು ಸ್ಥಿರಗೊಳಿಸಲು ಹೊರಟ ಶಾರ್ಲ್ ಮುರೂ ಮತ್ತು ಶಾರ್ಲ್ ದ್ಯುಫ್ರೇಸ್ ಅವರು, ಫೀನಾಲ್ ವರ್ಗದ ದ್ರವ್ಯಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಉತ್ಕರ್ಷಣವನ್ನು ತಡೆಯುತ್ತವೆಂಬುದನ್ನು 1922ರಲ್ಲಿ ಪ್ರತಿಪಾದಿಸಿದರು. ಎಲೆ, ತೊಗಟೆ, ಅಂಟುಗಳಲ್ಲಿ ಇಂತಹ ದ್ರವ್ಯಗಳು ಹೇರಳವಾಗಿವೆ. ಕೊಬ್ಬು ಕೆಡುವುದು ಒಂದು ಕಣದಿಂದ ಮತ್ತೊಂದಕ್ಕೆ ಹಬ್ಬುವ ಸರಪಳಿಯಂತಹ ಕ್ರಿಯೆ. ಫೀನಾಲು ತನ್ನ ಜಲಜನಕವನ್ನು ತೆತ್ತು ಆ ಸರಪಳಿಯನ್ನು ಕಡಿಯುತ್ತದೆ. ರೂಢಿಯ ರಹಸ್ಯ ಇದೇ ಆಗಿದ್ದಿತು.

ಇದರ ಬೆನ್ನಿಗೇ ಹೊದಿಕೆಯ ಪ್ರಯೋಗಗಳು ಬಂದುವು. 1930ರ ದಶಕದಲ್ಲಿ ಅಮೆರಿಕದ ಸಿಡ್ನಿ ಮಷರ್ ಎಂಬಾತನು ಓಟ್ಸ್ ಧಾನ್ಯದ ಹಿಟ್ಟಿನ ರಕ್ಷಕಗುಣವನ್ನು ಎತ್ತಿಹಿಡಿದನು. ಆ ಹಿಟ್ಟನ್ನು ಆಹಾರದೊಳಕ್ಕೆ ಬೆರೆಸುವುದಲ್ಲದೆ, ಕೊಬ್ಬಿನ ಪದಾರ್ಥಗಳನ್ನು ಸುತ್ತುವ ಕಾಗದಕ್ಕೂ ಲೇಪಿಸಲಾಯಿತು. ಸಸ್ಯಜನ್ಯ ಕಾಗದಕ್ಕೆ ಸಸ್ಯಜನ್ಯ ಲೇಪನ! ಇಂದಿನ ಪ್ರಯೋಗಶಾಲೆಗಳು ಅರಸುತ್ತಿರುವ ವಸ್ತುವಿನ ಮೂಲರೂಪವನ್ನು ನಾವು ಇಲ್ಲಿ ಕಾಣುತ್ತೇವೆ. 1940ರಲ್ಲಿ ಗ್ವಾಯಕಮ್ ಮರದ ಅಂಟಿಗೆ ಹಂದಿಕೊಬ್ಬಿನಲ್ಲಿ ಸೇರಿಸಲು ಅಮೆರಿಕದಲ್ಲಿ ಸಮ್ಮತಿ ದೊರೆಯಿತು. 1943ರಲ್ಲಿ ಅಮೆರಿಕ ಹಾಗೂ ಮೆಕ್ಸಿಕೋಗಳ ಮರುಭೂಮಿಯ ಕ್ರಿಯೊಸೋಟ್ ಪೊದೆಯಿಂದ ತೆಗೆದ ನಾರ್‌ಡೈಹೈಡ್ರೋಗ್ವಾಯರೆಟಿಕ್ ಆಮ್ಲಕ್ಕೂ ಅದೇ ಮನ್ನಣೆ ಸಂದಿತು.

ಆದರೆ ಈ ಏಳಿಗೆ ಬಹುಕಾಲ ನಿಲ್ಲಲಿಲ್ಲ. 1940ರ ದಶಕದ ಕೊನೆಯಲ್ಲಿ ಬಿ.ಎಚ್.ಎ. ಎಂಬ ಕೃತಕ ದ್ರವ್ಯವೂ, 1954ರಲ್ಲಿ ಬಿ.ಎಚ್.ಟಿ. ಎಂಬುದೂ ಬಳಕೆಗೆ ಬಂದುವು. ಅವು ಅಗ್ಗ; ಗುಣದಲ್ಲಿ ಏಕರೂಪ. ಬಿ.ಎಚ್.ಎ. ಒಲೆಯ ಕಾವನ್ನು ಸಹಿಸಿ, ಬೇಯಿಸಿದ ತಿನಿಸಿನಲ್ಲಿಯೂ ಉಳಿಯುತ್ತಿದ್ದಿತು. ಹೊದಿಕೆಯ ವಸ್ತುವಿನಲ್ಲಿಯೂ ಇಂತಹುದೇ ಪಲ್ಲಟವಾಯಿತು. ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ ನಿರ್ಮಿಸಿದ, ಮರದ ತಿರುಳಿನಿಂದಾಗುವ ಸೆಲ್ಲೊಫೇನ್ 1927ರಲ್ಲಿ ತೇವನಿರೋಧಕ ಲೇಪನವನ್ನು ಪಡೆದು ಜಗತ್ತನ್ನೇ ವ್ಯಾಪಿಸಿತ್ತು. 1933ರಲ್ಲಿ ಇಂಗ್ಲೆಂಡಿನಲ್ಲಿ ಗೋಚರಿಸಿದ ಪಾಲಿಥೀನು ಮತ್ತು ಅದರ ಬಂಧುಗಳು ಎರಡನೆಯ ಮಹಾಯುದ್ಧದ ತರುವಾಯ ಅದನ್ನು ಹಿಂದಕ್ಕೆ ತಳ್ಳಿದುವು. ಹೀಗೆ ಹೊದಿಕೆಯೂ ಅದರ ಕಾವಲೂ ಕೃತಕ ರಸಾಯನಗಳ ವಶವಾದುವು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ, ಸೌಮ್ಯವಾದ ಸಸ್ಯವನ್ನು ಕ್ರೂರವಾದ ಕೃತಕವು ಸೋಲಿಸಿತೆಂಬ ಸುಲಭವಾದ ತೀರ್ಮಾನಕ್ಕೆ ಅವಕಾಶವಾಗುತ್ತದೆ. ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ. ಮರುಭೂಮಿಯ ಪೊದೆಯ ಆಮ್ಲವು ಇಲಿಗಳ ಮೂತ್ರಪಿಂಡಗಳಲ್ಲಿ ವಿಕಾರವನ್ನುಂಟುಮಾಡುವುದೆಂದು ಪ್ರಯೋಗಗಳಿಂದ ತಿಳಿದುಬಂದು, 1968ರಲ್ಲಿ ಅಮೆರಿಕವು ಅದಕ್ಕೆ ಆಹಾರದಲ್ಲಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಆ ಪೊದೆಯ ಕಷಾಯವನ್ನು ಅಲ್ಲಿನ ಜನರು ಮೊದಲಿನಿಂದಲೂ ಔಷಧವಾಗಿ ಸೇವಿಸುತ್ತಿದ್ದರು ಎಂಬುದನ್ನು ನೆನೆಯಬೇಕು. ಇತ್ತ 1980ರ ದಶಕದ ಆರಂಭದಲ್ಲಿ ಬಿ.ಎಚ್.ಎ.ಯಿಂದ ಇಲಿಗಳ ಜಠರದಲ್ಲಿ ಗಡ್ಡೆಗಳಾದುವೆಂದು ಜಪಾನಿನ ವಿದ್ವಾಂಸರು ವರದಿಮಾಡಿದರು. ದೋಷವು ಮೂಲದಲ್ಲಿರಲಿಲ್ಲ, ಅದು ಪ್ರಮಾಣಕ್ಕೂ ಪರೀಕ್ಷೆಗೂ ಸಂಬಂಧಪಟ್ಟುದಾಗಿದ್ದಿತು.

ಈಗ ಚಕ್ರವು ಮತ್ತೆ ತಿರುಗಿದೆ. 1952ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ಮೂವತ್ತಕ್ಕೂ ಹೆಚ್ಚು ಸಂಬಾರಪದಾರ್ಥಗಳನ್ನು ಪರೀಕ್ಷಿಸಿ ರೋಸ್‌ಮೇರಿ ಮತ್ತು ಸೇಜ್‌ಗಳನ್ನು ಶ್ರೇಷ್ಠವೆಂದು ಕಂಡಿದ್ದರು. ರೋಸ್‌ಮೇರಿಯ ಸಾರಕ್ಕೆ ಐರೋಪ್ಯ ಒಕ್ಕೂಟವು 2010ರಲ್ಲಿ ಅನುಮತಿಯಿತ್ತಿತು. ಭಾರತದಲ್ಲಿ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ನಿಷಿದ್ಧವಾಗಿವೆ. ಬಾಳೆಯೆಲೆ, ಮುತ್ತುಗದೆಲೆ, ಅಡಕೆಯ ಹಾಳೆಗಳಿಗೆ ಪುನಃ ಗೌರವ ಬರುತ್ತಿದೆ. ಪಿಷ್ಟ, ಪೆಕ್ಟಿನ್, ಸೆಲ್ಯುಲೋಸುಗಳ ತೆಳುಪದರಕ್ಕೆ ಚಹಾ, ಲವಂಗ ಮೊದಲಾದವುಗಳ ಸಾರವನ್ನು ಸೇರಿಸುವ ಪ್ರಯೋಗಗಳು ಹಲವೆಡೆ ನಡೆದಿವೆ.

ಈ ಪ್ರಯತ್ನವನ್ನು ನಾವು ಸ್ವಾಗತಿಸುತ್ತೇವೆ. ಆದರೆ ತುಪ್ಪದ ಪಾತ್ರೆಗೆ ಬಿದ್ದ ಒಂದೆರಡು ವೀಳ್ಯದೆಲೆಗಳು ಬೇರೆ, ಸಾವಿರಾರು ಎಲೆಗಳಿಂದ ಹಿಂಡಿ ಪ್ರತಿದಿನದ ಪೊಟ್ಟಣಕ್ಕೆ ಬಳಿದ ಸಾರವೇ ಬೇರೆ. ಮೊದಲನೆಯದಕ್ಕೆ ತಲೆಮಾರುಗಳ ಅನುಭವವು ಸಾಕ್ಷಿಯಾಗಿದೆ. ಎರಡನೆಯದು ತನ್ನ ಸಾಕ್ಷ್ಯವನ್ನು ತಾನೇ ಒದಗಿಸಬೇಕು. ಸಸ್ಯವೆಂಬ ಹೆಸರು ಪರೀಕ್ಷೆಯಿಂದ ವಿನಾಯಿತಿಯನ್ನು ಕೊಡಲಾರದು ಎಂಬುದೇ 1943ರಿಂದ 1968ರವರೆಗಿನ ಇಪ್ಪತ್ತೈದು ವರ್ಷಗಳ ಇತಿಹಾಸವು ನಮಗೆ ಹೇಳುವ ಮಾತು.