ಸುಂಕದ ಕಟ್ಟೆಗಳ ಕಥೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಮಾತು ಮೊದಲು ಯಾರ ಬಾಯಿಂದ ಹೊರಟಿತೋ, ಆತನು ಹೇರೆತ್ತುಗಳನ್ನು ಹೊಡೆದುಕೊಂಡು ದೂರದ ದಾರಿ ನಡೆದವನೇ ಆಗಿರಬೇಕು.

ಭಟ್ಕಳದಿಂದ ಹೊನ್ನಾವರಕ್ಕೆ ಹೋಗುವವರಿಗೆ ನಡುವೆ ಶಿರಾಲಿಯು ಸಿಕ್ಕುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟವನ್ನೇರುತ್ತಿದ್ದವು. ಹೊರ್ಮುಜಿನ ಹಡಗುಗಳು ಕುದುರೆಗಳನ್ನು ತಂದು, ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಜರ ಬಾರ್ಬೋಸನು ಬರೆದಿಟ್ಟಿದ್ದಾನೆ. ಬಂದರಿನಲ್ಲಿ ಸುಂಕ ತೆರುವುದು ವರ್ತಕನಿಗೆ ಹೊಸತಾಗಿರಲಿಲ್ಲ. ಅವನನ್ನು ಹಣ್ಣುಮಾಡಿದವು ಒಳನಾಡಿನ ಕಟ್ಟೆಗಳು.

ಇದಕ್ಕೆ ನಿದರ್ಶನ ಬೇಕಾದರೆ ನಾವು ಶಿರಾಲಿಯ ಬೆನ್ನಿಗಿರುವ ಘಟ್ಟವನ್ನು ಹತ್ತಿ, ಆಗ್ನೇಯ ದಿಕ್ಕಿಗೆ, ಹಿಂದೆ ಬಿದನೂರೆನಿಸಿದ್ದ ನಗರಕ್ಕೆ ಹೋಗಬೇಕು. ಅಲ್ಲಿಯ ಅಡಕೆಯು ಮೈಸೂರು ಸೀಮೆಯನ್ನು ಹಾದು ಪೂರ್ವದ ವಾಲಾಜಾಪೇಟೆಯವರೆಗೂ ಹೋಗುತ್ತಿತ್ತು. ಆ ದಾರಿಯಲ್ಲಿ ಇದ್ದ ಸಾಯರು ಕಟ್ಟೆಗಳು 26! ಪ್ರತಿಯೊಂದರಲ್ಲಿಯೂ ತಪಾಸಣೆ, ಕೆಲವದರಲ್ಲಿ ಸುಂಕ. ದರವೆಷ್ಟೆಂದು ನಿಶ್ಚಯವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಸುಂಕವು ಎಣಿಕೆಯ ಮೇಲೆ ನಿಂತಿದ್ದುದರಿಂದ, ಕಟ್ಟೆಯ ಅಧಿಕಾರಿಯು ಮನಸ್ಸು ಮಾಡಿದರೆ ಎತ್ತಿನ ಹೇರುಗಳನ್ನೆಲ್ಲ ಇಳಿಸಿ ಒಂದೊಂದು ಅಡಕೆಯನ್ನೂ ಎಣಿಸಬಹುದಾಗಿತ್ತು. ಎಣಿಸುತ್ತಿದ್ದನೆಂದಲ್ಲ, ಎಣಿಸಬಲ್ಲೆನೆಂಬ ಬೆದರಿಕೆಯೇ ಸಾಕಾಗಿತ್ತು. ಮಳೆಗಾಲ ಹತ್ತಿರವಾದಾಗ ಬಯಲಿನಲ್ಲಿ ಹೇರಿಳಿಸಿ ಕುಳಿತ ವರ್ತಕನು ಏನು ಮಾಡುತ್ತಿದ್ದನೆಂಬುದನ್ನು ಊಹಿಸುವುದು ಕಷ್ಟವಲ್ಲ. ಸರ್ಕಾರಕ್ಕೆ ಸಲ್ಲಬೇಕಾದುದಕ್ಕಿಂತ ಕೈಬೆಚ್ಚಗೆ ಮಾಡಿದುದೇ ಹೆಚ್ಚಾಗಿದ್ದೀತು.

ಬೆಂಗಳೂರಿನವರಿಗೆ ಮಾಗಡಿ ರಸ್ತೆಯ ಸುಂಕದಕಟ್ಟೆಯು ಪರಿಚಿತವಾದುದು. ಹೆಸರು ಮಾತ್ರ ಉಳಿದಿದೆ.

1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಅವುಗಳಲ್ಲಿ ಕೆಲವು ನಗೆ ತರಿಸುವಂಥವು. ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಹುಡುಕಲಿಲ್ಲವೆಂದು ಒಂದು ಊರಿನವರು ತೆರಿಗೆ ತೆರುತ್ತಿದ್ದರು. ನಗರದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವನಿಗೂ ತೆರಿಗೆಯಿತ್ತು! ಆದರೆ ನಮ್ಮ ಎಣಿಕೆಯಲ್ಲಿ ಇವುಗಳಿಗಿಂತ ದೊಡ್ಡದು ಅಡಕೆಗೆ ಮಾಡಿದ ಏರ್ಪಾಡು. ವರ್ತಕನು ತನಗೆ ಅನುಕೂಲವಾದ ಯಾವುದಾದರೊಂದು ಕಟ್ಟೆಯಲ್ಲಿ ಪೂರ್ತಿ ಸುಂಕವನ್ನು ಒಂದೇ ಸಲ ತೆತ್ತು, ಸೀಮೆಯ ಈ ಕೊನೆಯಿಂದ ಆ ಕೊನೆಗೆ ತಡೆಯಿಲ್ಲದೆ ಹೋಗಬಹುದಾಯಿತು. ಸುಂಕವು ಹೋಗಲಿಲ್ಲ, ಕಾಯುವುದು ಹೋಯಿತು.

ಘಟ್ಟದ ಕೆಳಗೆ ಬೇರೆ ಆಳ್ವಿಕೆ. ಆಗ ಶಿರಾಲಿಯೂ ಸೇರಿದ್ದ ಕೆನರಾ ಜಿಲ್ಲೆಯು ಮದರಾಸಿನ ಅಧೀನದಲ್ಲಿತ್ತು. 1844ರ ಆರನೆಯ ಕಾಯಿದೆಯು ಮದರಾಸು ಪ್ರಾಂತದ ಒಳನಾಡಿನ ಸುಂಕವನ್ನು ತೆಗೆದುಹಾಕಿ, ಸಮುದ್ರದ ಸುಂಕವನ್ನು ಉಳಿಸಿಕೊಂಡಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಸೇರುವ ವೇಳೆಗೆ ಅಲ್ಲಿಯೂ ಒಳನಾಡಿನ ಕಟ್ಟೆಗಳು ಎದ್ದುಹೋಗಿ ಎರಡು ದಶಕಗಳು ಕಳೆದಿದ್ದವು.