ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ಆಕಾಶದ ಹದಿನೇಳು ಗಂಟೆ, ಗೂಡಲೂರು ದಾರಿಯ ಏಳು ಗಂಟೆ

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೂ ಇರುವ ನೇರ ಅಂತರ ಸುಮಾರು 14,000 ಕಿ.ಮೀ. ಇವುಗಳ ನಡುವೆ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ 2021ರ ಜನವರಿಯಲ್ಲಿ ಹಾರಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲಿನಿಂದ ಬಂದಿತು.

ಧ್ರುವದ ದಾರಿ ಏಕೆ?

ಈ ಎರಡು ನಗರಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ. ಗೋಡೆಯ ನಕ್ಷೆಯಲ್ಲಿ ನೇರವಾಗಿ ಕಾಣುವ ದಾರಿ ನಿಜವಾಗಿ ಬಳಸುದಾರಿ. ಶಾಲೆಯ ಭೂಗೋಳದ ಮೇಲೆ ಎರಡೂ ಊರುಗಳಿಗೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಧ್ರುವದ ಸಮೀಪವೇ ಹಾಯುವುದನ್ನು ಮಕ್ಕಳು ಕಾಣಬಹುದು.

ಹಾರಾಟದ ಅವಧಿ

ಆ ವಿಮಾನ ಜನವರಿ 9ರಂದು ಅಲ್ಲಿನ ರಾತ್ರಿ 8-30ರ ಸುಮಾರಿಗೆ ಹೊರಟು, 11ರ ನಸುಕಿನ 3 ಗಂಟೆಯ ಬಳಿಕ ಬೆಂಗಳೂರಿನಲ್ಲಿ ಇಳಿಯಿತು. ಜನವರಿಯಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದು ಹೊರಟಾಗ ಇಲ್ಲಿ 10ರ ಬೆಳಗ್ಗೆ 10 ಗಂಟೆ. ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಸರಾಸರಿ ವೇಗ ಗಂಟೆಗೆ 820 ಕಿ.ಮೀ. ಮೇಲ್ಗಾಳಿಯ ದಿಕ್ಕು ಮತ್ತು ಬಲಕ್ಕೆ ತಕ್ಕಂತೆ ಈ ಅವಧಿ ದಿನದಿಂದ ದಿನಕ್ಕೆ ಬದಲಾಗುತ್ತದೆ.

ಟಿಕೆಟ್ಟಿನಲ್ಲಿಲ್ಲದ ಲೆಕ್ಕ

ನಮ್ಮ ಗೂಡಲೂರಿನಿಂದ ಬಂಡೀಪುರ, ಮೈಸೂರು ಮಾರ್ಗವಾಗಿ ಬೆಂಗಳೂರು ವಿಮಾನ ನಿಲ್ದಾಣ ಸುಮಾರು 300 ಕಿ.ಮೀ. ದೂರದಲ್ಲಿದೆ. ಈ ದಾರಿಗೆ ಏಳು ಗಂಟೆಯಾದರೂ ಬೇಕು. ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಬೆಳಗ್ಗೆ 6ಕ್ಕೆ ಹೊರಟವರು ನಿಲ್ದಾಣ ತಲುಪುವಾಗ ಮಧ್ಯಾಹ್ನ 1 ಗಂಟೆ. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕಾದುದರಿಂದ, ಸಂಜೆ 4ಕ್ಕಿಂತ ಮುಂಚಿನ ವಿಮಾನಕ್ಕೆ ಹೋಗುವವರು ಹಿಂದಿನ ರಾತ್ರಿ 9ರೊಳಗೆ ಬಂಡೀಪುರವನ್ನು ದಾಟಿರಬೇಕು. ಇಲ್ಲವಾದರೆ ಮಾನಂದವಾಡಿ, ಕುಟ್ಟ, ಹುಣಸೂರು ಮೂಲಕ ಸುತ್ತಬೇಕಾಗುತ್ತದೆ. ಮಧ್ಯಾಹ್ನ 3ರ ನಂತರ ಬೆಂಗಳೂರಿನಲ್ಲಿ ಇಳಿಯುವವರು ಮೈಸೂರಿನಲ್ಲಿ ತಂಗುವ ಏರ್ಪಾಡು ಮಾಡಿಕೊಳ್ಳುವುದು ಲೇಸು.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಕೋಝಿಕ್ಕೋಡಿನ ಕರಿಪುರ ನಿಲ್ದಾಣವೇ ಹತ್ತಿರ. ನಾಡುಗಾಣಿ ಘಟ್ಟವಿಳಿದು ನಿಲಂಬೂರಿನ ಮೂಲಕ ಸುಮಾರು 100 ಕಿ.ಮೀ.; ದಾರಿಯಲ್ಲಿ ಬಂಡೀಪುರ ಸಿಗುವುದಿಲ್ಲ. ಅಲ್ಲಿಂದ ದುಬೈಗೆ ಸುಮಾರು 2,675 ಕಿ.ಮೀ., ನಾಲ್ಕು ಗಂಟೆಯೊಳಗಿನ ಹಾರಾಟ.

ಓದಿಗೋ ದುಡಿಮೆಗೋ ಮಕ್ಕಳನ್ನು ದೂರ ಕಳುಹಿಸುವ ಮನೆಯವರು ಟಿಕೆಟ್ ಕೊಳ್ಳುವ ಮೊದಲು ವಿಮಾನದ ವೇಳೆಯ ಜೊತೆಗೆ ಕಾಡಿನ ದಾರಿಯ ವೇಳೆಯನ್ನೂ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.